‘ಇಲ್ಲ’ ಅನ್ನೋದಕ್ಕೂ ಒಂದು ರೀತಿ ಐತಿ

ನಮ್ಮೂರು ಹೂಲಿ ಅಂದ್ರೆ ಆಫೀಸಿನಲ್ಲಿ ಎಲ್ಲರೂ ಒಮ್ಮೆ ನಗ್ತಾರೆ. 2014ರಲ್ಲಿ ಶುರುವಾದ ‘ಸಿಲಿಕಾನ್ ವ್ಯಾಲಿ’ ಅನ್ನೋ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಒಂದು ದೈತ್ಯ ಟೆಕ್ ಕಂಪನಿ ಬರುತ್ತೆ. ಅದರ ಹೆಸರೂ ಹೂಲಿ. ನಮ್ಮ ಹೂಲಿ ಬೇರೆ. ಅದು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಹಳ್ಳಿ. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ ಇದೆ, ಸುತ್ತ ಇನ್ನೂ ಎಷ್ಟೋ ಹಳೇ ಗುಡಿಗಳಿವೆ, ಶಾಸನಗಳಿವೆ.

ಆ ಹೂಲಿಯಿಂದ ಒಂದು ಸಂಜೆ ಕಾಕಾನ ಫೋನ್ ಬಂತು.

“ತಮ್ಮಾ, ಆ ಸ್ಕಾಲರ್‌ಶಿಪ್ ಫಾರ್ಮ್ ಓಪನ್ ಆಗವಲ್ದು. ಮುಟ್ಟಿದ್ರ ಮತ್ತ ಮೊದಲಿನ ಪುಟಕ್ಕ ಬರ್ತೈತಿ. ಹತ್ತು ಸಲ ಮಾಡೇನಿ. ನಾ ಏನರ ತಪ್ಪು ಒತ್ತಾಕತ್ತೀನೇನು?”

ಮಗಳ ಕಾಲೇಜು ಫೀ ವಿಷಯ. ಮರುದಿನವೇ ಕಡೇ ದಿನ. ಕಾಕಾನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚ ಇತ್ತು. ಸಿಟ್ಟಾಗಿದ್ರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಯಾಕಂದ್ರೆ ಆ ವೆಬ್‌ಸೈಟ್ ಕಟ್ಟಿದ ತಂಡದಲ್ಲಿ ನಾನೂ ಇದ್ದೆ.

ಹುಡುಕಿದಾಗ ಕಾರಣ ಸಿಕ್ಕಿತು. ಪ್ರತಿ ಊರಿಗೂ ಒಂದು ಪುಟ ಇತ್ತು, ಪುಟದ ವಿಳಾಸದಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಇತ್ತು. ನಮ್ಮೂರಿನದು ‘ಎಚ್-ಯು-ಎಲ್-ಐ’ ಅಂತ ಇತ್ತು. ಓದಿದವರು ‘ಹುಲಿ’ ಅಂತಿದ್ರು. ನಮ್ಮೂರ ಹೆಸರು ಸರಿಯಾಗಿ ಇರಲಿ ಅಂತ ‘ಯು’ ತೆಗೆದು ಎರಡು ‘ಓ’ ಹಾಕಿದವನು ನಾನೇ. ಆದರೆ ಊರಲ್ಲಿ ಹಂಚಿದ್ದ ಕರಪತ್ರದಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದ್ದದ್ದು ಹಳೇ ವಿಳಾಸ. ಆ ಪುಟ ಈಗ ಇರಲಿಲ್ಲ. ಹೆಸರು ಸರಿ ಮಾಡಲು ಹೋಗಿ ನಮ್ಮೂರನ್ನೇ ಕಾಣೆ ಮಾಡಿದ್ದೆ.

ಕಾಕಾಗೆ ಹೊಸ ಲಿಂಕ್ ಕಳಿಸಿದೆ. ರಾತ್ರಿಯೊಳಗೆ ಫಾರ್ಮ್ ಹೋಯ್ತು. ಕಾಕಾನ ಹತ್ತಿರ ನನ್ನ ನಂಬರ್ ಇತ್ತು. ಇಲ್ಲದವರು ಏನು ಮಾಡಿದ್ರು?

ಮೂರಂಕಿಯ ಉತ್ತರ

ನೀವು ಒಂದು ಲಿಂಕ್ ಮುಟ್ಟಿದಾಗಲೆಲ್ಲ ಆಚೆ ಕಡೆಯ ಸರ್ವರ್ ಪುಟದ ಜೊತೆ ಒಂದು ಮೂರಂಕಿಯ ಸಂಖ್ಯೆಯನ್ನೂ ಕಳಿಸುತ್ತೆ. 200 ಅಂದ್ರೆ ಸಿಕ್ತು. 404 ಅಂದ್ರೆ ಈ ವಿಳಾಸದಲ್ಲಿ ಏನೂ ಇಲ್ಲ. 1996ರ ಮೇ ತಿಂಗಳಲ್ಲಿ ಬಂದ ಎಚ್‌ಟಿಟಿಪಿ 1.0ರ ದಾಖಲೆಯಲ್ಲೇ ಇವು ಇವೆ. 404 ಅನ್ನೋದು ಯಾವುದೋ ಕಚೇರಿಯ ಕೋಣೆ ನಂಬರ್ ಅನ್ನೋ ಕಥೆ ಓಡಾಡುತ್ತೆ. ಅದು ಬರೀ ಕಥೆ.

ಊರಿನ ಪೋಸ್ಟ್‌ಮನ್‌ನನ್ನು ನೆನೆಸಿಕೊಳ್ಳಿ. ಕಾಗದ ಹಿಡಿದು ಬಂದವರಿಗೆ ಅವರು ಹೇಳಬಹುದಾದ ಮಾತುಗಳು ಬೇರೆ ಬೇರೆ. “ಅವ್ರು ಮನಿ ಬದಲ್ಸ್ಯಾರ, ಇನ್ನ ಮ್ಯಾಲೆ ಅಲ್ಲೇ ಇರ್ತಾರ” ಅಂದ್ರೆ 301. “ಸದ್ಯಕ್ಕ ಮಗಳ ಮನ್ಯಾಗ ಅದಾರ” ಅಂದ್ರೆ 302. “ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲ” ಅಂದ್ರೆ 404. “ಇದ್ರು, ಊರು ಬಿಟ್ಟು ಹೋದ್ರು, ತಿರುಗಿ ಬರಂಗಿಲ್ಲ” ಅಂದ್ರೆ 410. “ಹಳ್ಳ ಬಂದೈತಿ, ಆ ಓಣಿಗೆ ಹೋಗಾಕ ಆಗವಲ್ದು, ನಾಳೆ ಬರ್ರಿ” ಅಂದ್ರೆ 503.

ಐದೂ ಬೇರೆ ಬೇರೆ ಸುದ್ದಿ. ಕೇಳಿದವರು ಮುಂದೆ ಏನು ಮಾಡಬೇಕು ಅನ್ನೋದೂ ಬೇರೆ ಬೇರೆ.

ಇನ್ನೊಂದು ವಿಷಯ ಇದೆ. 4ರಿಂದ ಶುರುವಾಗುವ ಸಂಖ್ಯೆಗಳೆಲ್ಲ ನಿಯಮದ ಪ್ರಕಾರ ‘ಕೇಳಿದವರ ಕಡೆಯ ತಪ್ಪು’. 5ರಿಂದ ಶುರುವಾಗುವವು ‘ಸರ್ವರ್ ಕಡೆಯ ತಪ್ಪು’. ಅಂದ್ರೆ ನಿಯಮದ ಭಾಷೆಯಲ್ಲೇ ನೋಡಿದರೆ ತಪ್ಪು ಕಾಕಾಂದು! ವಿಳಾಸ ಬದಲಿಸಿದ್ದು ನಾನು, ಸಂಕೋಚಪಟ್ಟಿದ್ದು ಕಾಕಾ. ಯಂತ್ರಕ್ಕೆ ಆ ಲೆಕ್ಕ ಸಾಕು. ಮನುಷ್ಯರಿಗೆ ತೋರಿಸುವ ಪುಟದಲ್ಲಿ ಅದೇ ದನಿ ಇರಬೇಕಿಲ್ಲ.

ಹೆಸರು ಬದಲಾಗೋದು ಹೊಸದೇನಲ್ಲ

ನಮ್ಮ ಭಾಗದಲ್ಲಿ ಹೆಸರು ನಿಂತ ನೀರಲ್ಲ. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ‘ಹ’ ಆಯಿತು ಅಂತ ಶಾಲೆಯಲ್ಲಿ ಓದಿದ್ದೇವೆ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಶಾಸನಗಳ ಪೂಲಿ ಹೂಲಿಯಾದದ್ದೂ ಅದೇ ದಾರಿಯಲ್ಲಿ. ರಟ್ಟರ ರಾಜಧಾನಿ ಸುಗಂಧವರ್ತಿ ಇವತ್ತಿನ ಸವದತ್ತಿ. ಅವರು ಆಮೇಲೆ ರಾಜಧಾನಿ ಮಾಡಿಕೊಂಡ ವೇಣುಗ್ರಾಮ ಇವತ್ತಿನ ಬೆಳಗಾವಿ. ಭಾಷೆ ತಾನೇ ಹಳೇ ಹೆಸರಿನಿಂದ ಹೊಸ ಹೆಸರಿಗೆ ದಾರಿ ಹಾಕಿಕೊಂಡು ಬಂದಿದೆ, ಯಾರೂ ದಾರಿ ತಪ್ಪಲಿಲ್ಲ.

ವೆಬ್‌ನಲ್ಲಿ ಆ ದಾರಿ ತಾನಾಗಿ ಆಗೋದಿಲ್ಲ, ಯಾರಾದ್ರೂ ಹಾಕಬೇಕು. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಬೆಲ್ಗಾಂ ಬೆಳಗಾವಿ ಆಯಿತು, ಹುಬ್ಳಿ ಹುಬ್ಬಳ್ಳಿ ಆಯಿತು, ಬಿಜಾಪುರ ವಿಜಯಪುರ, ಗುಲ್ಬರ್ಗಾ ಕಲಬುರಗಿ. ನಮಗೆಲ್ಲ ಖುಷಿಯ ದಿನ. ಆದರೆ ವಿಳಾಸದೊಳಗೆ ಊರ ಹೆಸರು ಇಟ್ಟುಕೊಂಡಿದ್ದ ಪ್ರತಿ ವೆಬ್‌ಸೈಟಿಗೂ ಅವತ್ತು ಒಂದು ಕೆಲಸ ಹುಟ್ಟಿತು: ಹಳೇ ವಿಳಾಸ ಹಿಡಿದು ಬಂದವರನ್ನು ಹೊಸ ವಿಳಾಸಕ್ಕೆ ಮುಟ್ಟಿಸೋದು. ತಾಲೂಕುಗಳ ಕಥೆಯೂ ಅದೇ. ಸವದತ್ತಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಎರಡು ಕಾಗುಣಿತ ನಡೆಯುತ್ತೆ. ಬೈಲಹೊಂಗಲ, ರಾಮದುರ್ಗ ಬರೆಯುವಾಗ ನಡುವೆ ಒಂದು ‘ಎ’ ಹಾಕಬೇಕೋ ಬೇಡವೋ ಅನ್ನೋದು ಬರೆಯುವವರ ಇಷ್ಟ.

ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ರು, ಒಳ್ಳೇ ವಿಳಾಸ ಅಂದ್ರೆ ಬದಲಾಗದ ವಿಳಾಸ ಅಂತ. ಆದರೆ ನಡೆದದ್ದು ಬೇರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿ ನೋಡಿದಾಗ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗಲಿಲ್ಲ. ಪುಟ ಕಾಣೆಯಾಗೋದು ಅಪರೂಪದ ಅಪಘಾತ ಅಲ್ಲ, ದಿನದ ವ್ಯವಹಾರ. ಹಾಗಾಗಿ ‘ಇಲ್ಲ’ ಅನ್ನೋ ಉತ್ತರವನ್ನು ಮೊದಲ ದಿನವೇ ಯೋಚಿಸಿ ಕಟ್ಟಬೇಕು.

ನಾವು ಮಾಡಿದ ತಪ್ಪು

ನಮ್ಮ ಸೈಟ್ ಕಟ್ಟಿದ್ದು ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ. ಸಿಗದ ಪುಟಗಳಿಗೆ ಅದರಲ್ಲಿ ಎರಡು ಸಿದ್ಧ ದಾರಿಗಳಿವೆ. ಮೊದಲನೆಯದರ ಹೆಸರಿನ ಕೊನೆಗೆ ‘ವಿತ್ ರೀಡೈರೆಕ್ಟ್ಸ್’ ಅಂತ ಇದೆ. ಅದು ಬ್ರೌಸರಿಗೆ 302 ಕೊಟ್ಟು ‘ಆ ಪುಟಕ್ಕೆ ಹೋಗು’ ಅನ್ನುತ್ತೆ. ಬ್ರೌಸರ್ ಅಲ್ಲಿಗೆ ಹೋದಾಗ ಒಂದು ಪುಟ ಸಿಗುತ್ತೆ, ಅದಕ್ಕೆ 200. ಅಲ್ಲಿಗೆ 404ರ ಗುರುತೇ ಅಳಿಸಿಹೋಯಿತು. ಎರಡನೆಯದು ‘ವಿತ್ ರೀಎಕ್ಸಿಕ್ಯೂಟ್’. ಅದು ಸರ್ವರ್ ಒಳಗೇ ಇನ್ನೊಂದು ಪುಟ ತಯಾರಿಸಿ, ವಿಳಾಸವನ್ನು ಇದ್ದಂಗೇ ಇಟ್ಟು, 404 ಅನ್ನೋ ಸತ್ಯವನ್ನೂ ಉಳಿಸಿ ಕಳಿಸುತ್ತೆ.

ನಾವು ಮೊದಲನೆಯದನ್ನು ಹಾಕಿ, ಎಲ್ಲರನ್ನೂ ಮುಖಪುಟಕ್ಕೆ ತಿರುಗಿಸಿದ್ವಿ. ಕೆಟ್ಟ ಪುಟ ಯಾರಿಗೂ ಕಾಣಬಾರದು ಅನ್ನೋ ಒಳ್ಳೇ ಉದ್ದೇಶ. ಫಲ ಏನಾಯಿತು? ಕಾಕಾ ಹತ್ತು ಸಲ ಬಾಗಿಲು ತಟ್ಟಿದ್ರು, ಹತ್ತು ಸಲವೂ ನಗುಮೊಗದ ಸ್ವಾಗತ ಸಿಕ್ಕಿತು, ‘ಆ ಮನೆ ಇಲ್ಲಿಲ್ಲ’ ಅಂತ ಒಮ್ಮೆಯೂ ಯಾರೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ನಮ್ಮ ಕಡೆ ಆಯಿತು. ನಾವು ದಿನಾ ನೋಡುತ್ತಿದ್ದ ಲೆಕ್ಕದಲ್ಲಿ 404ರ ಸಾಲು ಸೊನ್ನೆ ತೋರಿಸುತ್ತಿತ್ತು. ಮುಖಪುಟಕ್ಕೆ ಜನ ಹೆಚ್ಚು ಬರ್ತಿದ್ದಾರೆ ಅಂತ ಮೀಟಿಂಗಿನಲ್ಲಿ ಖುಷಿಪಟ್ಟಿದ್ದೂ ನೆನಪಿದೆ. ಸರ್ವರಿನ ಹಸಿ ದಾಖಲೆ ಒಂದೇ ವಾರಕ್ಕೆ ಅಳಿಸಿಹೋಗುತ್ತಿತ್ತು. ಉಳಿದ ವಾರದ್ದನ್ನು ತೆಗೆದು ನೋಡಿದಾಗ ಹಳೇ ವಿಳಾಸ ತಟ್ಟಿದವರು ಒಬ್ಬಿಬ್ಬರಲ್ಲ ಅಂತ ಕಂಡಿತು. ಅದಕ್ಕೂ ಹಿಂದೆ ಎಷ್ಟು ಮಂದಿ ‘ನಂದೇ ಏನೋ ತಪ್ಪು’ ಅಂತ ಸುಮ್ಮನೆ ಫೋನ್ ಕೆಳಗಿಟ್ರು ಅನ್ನೋದು ನನಗೆ ಯಾವತ್ತೂ ಗೊತ್ತಾಗೋದಿಲ್ಲ.

ಅಡಿಗೆಯವರಿಗೆ ಸಾಮಾನು ಮನೆಯವರೇ ಕೊಡೋದು

ಸರಿ ಮಾಡಲು ಕೂತಾಗ ಇನ್ನೊಂದು ಹುಳುಕು ಕಂಡಿತು. ಊರು ಸಿಗದಿದ್ರೆ ಏನು ಮಾಡಬೇಕು ಅನ್ನೋದು ಒಂದು ಕಡೆ ಇರಲಿಲ್ಲ. ಊರಿನ ಪುಟ, ಫಾರ್ಮಿನ ಪುಟ, ಫಲಿತಾಂಶದ ಪುಟ, ಪ್ರತಿಯೊಂದೂ ತನ್ನೊಳಗೇ ಡೇಟಾಬೇಸಿಗೆ ದಾರಿ ತೆಗೆದುಕೊಂಡು, ತನಗೆ ತಿಳಿದಂಗೆ ಉತ್ತರ ಕೊಡುತ್ತಿತ್ತು. ಒಂದು ಖಾಲಿ ಪುಟ ತೋರಿಸಿದ್ರೆ ಇನ್ನೊಂದು ಮುಖಪುಟಕ್ಕೆ ಓಡಿಸುತ್ತಿತ್ತು. ಒಂದನ್ನು ಪರೀಕ್ಷಿಸಬೇಕಾದ್ರೆ ಇಡೀ ಡೇಟಾಬೇಸ್ ಎಬ್ಬಿಸಬೇಕಿತ್ತು. ಹಾಗಾಗಿ ಯಾರೂ ಪರೀಕ್ಷಿಸಿರಲಿಲ್ಲ.

ಇಲ್ಲಿ ಕೆಲಸಕ್ಕೆ ಬಂದದ್ದು ಡಿಪೆಂಡೆನ್ಸಿ ಇಂಜೆಕ್ಷನ್. 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಈ ಹೆಸರು ನೆಲೆ ನಿಂತಿತು. ಹೆಸರು ಕೇಳಿದ್ರೆ ದವಾಖಾನೆ ನೆನಪಾಗುತ್ತೆ, ವಿಷಯ ಮದುವೆಮನೆಯದು.

ಮದುವೆಗೆ ಅಡಿಗೆಯವರನ್ನು ಕರೆಸಿದಾಗ ಅವರು ಅಂಗಡಿಗೆ ಓಡೋದಿಲ್ಲ. ಚೀಟಿ ಬರೆದು ಕೊಡ್ತಾರೆ: ಇಷ್ಟು ಗೋಧಿಹಿಟ್ಟು, ಇಷ್ಟು ಕಡಲೆಬೇಳೆ, ಇಷ್ಟು ಬೆಲ್ಲ, ಇಷ್ಟು ಎಣ್ಣೆ. ತರೋದು ಮನೆಯವರ ಕೆಲಸ. ಬೆಲ್ಲ ಯಾವ ಅಂಗಡಿಯದು ಅನ್ನೋ ಚಿಂತೆ ಅಡಿಗೆಯವರಿಗಿಲ್ಲ. ನಾಳೆ ಅಂಗಡಿ ಬದಲಾದ್ರೆ ಹೋಳಿಗೆ ಮಾಡೋ ಕೈ ಬದಲಾಗಬೇಕಿಲ್ಲ. ರುಚಿ ನೋಡಬೇಕಾದ್ರೆ ಹಿಂದಿನ ದಿನ ಒಂದು ಪಾವು ಬೇಳೆ ಕೊಟ್ಟು ಮಾಡಿಸಿ ನೋಡಬಹುದು, ಇಡೀ ಮದುವೆ ನಡೆಸಬೇಕಿಲ್ಲ.

ಡಿಪೆಂಡೆನ್ಸಿ ಇಂಜೆಕ್ಷನ್ ಅಂದ್ರೆ ಇಷ್ಟೇ. ಪ್ರೋಗ್ರಾಮಿನ ಒಂದು ತುಂಡು ತನಗೆ ಬೇಕಾದದ್ದನ್ನು ತಾನೇ ಹುಟ್ಟಿಸಿಕೊಳ್ಳದೆ ಚೀಟಿಯಲ್ಲಿ ಕೇಳುತ್ತೆ. ಹೊರಗಿನವರು ತಂದು ಕೈಗೆ ಕೊಡ್ತಾರೆ. ಎಎಸ್‌ಪಿ ಡಾಟ್ ನೆಟ್ ಕೋರ್, ಸ್ಪ್ರಿಂಗ್, ಆಂಗ್ಯುಲರ್, ಲಾರಾವೆಲ್, ಫಾಸ್ಟ್‌ಎಪಿಐ, ಎಲ್ಲದರಲ್ಲೂ ಈ ವ್ಯವಸ್ಥೆ ಒಳಗೇ ಇದೆ.

ನಾವು ‘ಇಲ್ಲ’ ಅನ್ನೋ ಕೆಲಸಕ್ಕೆ ಒಬ್ಬರೇ ಅಡಿಗೆಯವರನ್ನು ಇಟ್ವಿ. ಅವರ ಚೀಟಿಯಲ್ಲಿ ನಾಲ್ಕೇ ಸಾಮಾನು.

ಒಂದು, ಊರು ಹುಡುಕುವವರು. ಇವರಿಗೆ ಮೂರು ಉತ್ತರ ಗೊತ್ತಿರಬೇಕು: ‘ಐತಿ’, ‘ಇಲ್ಲ’, ‘ಈಗ ಹೇಳಾಕ ಆಗಂಗಿಲ್ಲ’. ಕೊನೆಯ ಎರಡರ ನಡುವೆ ಭೂಮಿ ಆಕಾಶದ ಅಂತರ. ಡೇಟಾಬೇಸ್ ಹತ್ತು ನಿಮಿಷ ಮಲಗಿದಾಗ ‘ಆ ಊರೇ ಇಲ್ಲ’ ಅಂತ 404 ಕೊಡೋದು ಸುಳ್ಳು. ಜನ ವಾಪಸ್ ಹೋಗ್ತಾರೆ. ಅದೇ ಉತ್ತರ ಮತ್ತೆ ಮತ್ತೆ ಸಿಕ್ಕರೆ ಗೂಗಲ್ ಕೂಡ ಆ ಪುಟವನ್ನು ತನ್ನ ಪಟ್ಟಿಯಿಂದ ತೆಗೆಯುತ್ತೆ. ಅಲ್ಲಿ ಕೊಡಬೇಕಾದದ್ದು 503, ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’.

ಎರಡು, ಹಳೇ ಹೆಸರಿನ ವಹಿ. ಬೆಲ್ಗಾಂ ಅಂದ್ರೆ ಬೆಳಗಾವಿ, ಹುಲಿ ಅಂದ್ರೆ ಹೂಲಿ. ವಹಿಯಲ್ಲಿ ಖಚಿತವಾಗಿ ಇದ್ರೆ ಮಾತ್ರ ಹೊಸ ವಿಳಾಸಕ್ಕೆ ಕಳಿಸೋದು. ಬರೀ ಹೋಲಿಕೆ ಇದ್ರೆ ‘ನೀವು ಹುಡುಕುತ್ತಿರೋದು ಇದಾ?’ ಅಂತ ಕೇಳೋದು. ಒಂದೇ ಹೆಸರಿನ ಊರು ನಮ್ಮಲ್ಲಿ ತಾಲೂಕಿಗೊಂದು ಇರುತ್ತೆ, ಊಹೆ ಮಾಡಿ ಕಳಿಸಬಾರದು. ಮೊದಲು 302 ಕೊಟ್ಟು ನೋಡಿ, ಪಕ್ಕಾ ಆದಮೇಲೆ 301 ಮಾಡಿ. 301ನ್ನು ಬ್ರೌಸರ್‌ಗಳು ನೆನಪಿಟ್ಟುಕೊಳ್ಳುತ್ತವೆ, ತಪ್ಪಾಗಿ ಕೊಟ್ರೆ ಅಳಿಸೋದು ಕಷ್ಟ.

ಮೂರು, ಮಾತಾಡುವವರು. ಪುಟದಲ್ಲಿ ಏನು ಬರೆಯಬೇಕು, ಯಾವ ಭಾಷೆಯಲ್ಲಿ ಅನ್ನೋದು ಇವರ ಕೆಲಸ.

ನಾಲ್ಕು, ದಾಖಲೆ ಬರೆಯುವವರು. ಯಾವ ವಿಳಾಸ ಎಷ್ಟು ಸಲ ಸಿಗಲಿಲ್ಲ ಅನ್ನೋದು ಮರುದಿನ ಬೆಳಿಗ್ಗೆ ಮನುಷ್ಯರ ಕಣ್ಣಿಗೆ ಬೀಳಬೇಕು. ಕೇಳಿದವರ ಹೆಸರು, ನಂಬರ್ ಬೇಕಿಲ್ಲ, ವಿಳಾಸ ಸಾಕು.

ಒಂದು ಎಚ್ಚರ. ಯಾವ ಸಾಮಾನು ಎಷ್ಟು ಹೊತ್ತು ಬದುಕಿರಬೇಕು ಅನ್ನೋದನ್ನೂ ಹೇಳಬೇಕಾಗುತ್ತೆ. ಹಳೇ ಹೆಸರಿನ ವಹಿ ಎಲ್ಲರಿಗೂ ಒಂದೇ, ಅದು ‘ಸಿಂಗಲ್‌ಟನ್’ ಆಗಿರಲಿ. ಓದುಗರ ಭಾಷೆ ಪ್ರತಿ ಕೋರಿಕೆಗೂ ಬೇರೆ, ಅದು ‘ಸ್ಕೋಪ್ಡ್’ ಆಗಿರಬೇಕು. ಮಿಡಲ್‌ವೇರ್ ಅನ್ನೋ ತುಂಡು ಸರ್ವರ್ ಏಳುವಾಗ ಒಮ್ಮೆ ಮಾತ್ರ ಹುಟ್ಟುತ್ತೆ. ಹಾಗಾಗಿ ಸ್ಕೋಪ್ಡ್ ಸಾಮಾನನ್ನು ಅದರ ಕನ್‌ಸ್ಟ್ರಕ್ಟರಿನಲ್ಲಿ ಕೇಳಬಾರದು, ಪ್ರತಿ ಕೋರಿಕೆಗೂ ಓಡುವ ಇನ್‌ವೋಕ್ ಮೆಥಡ್‌ನಲ್ಲಿ ಕೇಳಬೇಕು. ಇಲ್ಲಿ ಎಡವಿದ್ರೆ ಒಬ್ಬರು ಆರಿಸಿಕೊಂಡ ಭಾಷೆ ಇನ್ನೊಬ್ಬರಿಗೆ ಹೋಗುತ್ತೆ.

ಇದರ ನಿಜವಾದ ಲಾಭ ಕಂಡದ್ದು ಪರೀಕ್ಷೆಯಲ್ಲಿ. ನಿಜವಾದ ಹುಡುಕುವವರ ಬದಲು ಯಾವಾಗಲೂ ‘ಇಲ್ಲ’ ಅನ್ನೋ ಒಬ್ಬ ನಕಲಿಯನ್ನು ಕೈಗೆ ಕೊಡಿ, 404 ಬರುತ್ತಾ ನೋಡಿ. ‘ಹೇಳಾಕ ಆಗಂಗಿಲ್ಲ’ ಅನ್ನೋ ಇನ್ನೊಬ್ಬನನ್ನು ಕೊಡಿ, 503 ಬರುತ್ತಾ ನೋಡಿ. ವಹಿಯಲ್ಲಿ ‘ಹುಲಿ’ ಒಂದೇ ಸಾಲು ಇಟ್ಟು ಕೊಡಿ, ಹೂಲಿಗೆ ಹೋಗುತ್ತಾ ನೋಡಿ. ಡೇಟಾಬೇಸ್ ಬೇಡ, ನೆಟ್ ಬೇಡ, ಕ್ಷಣದಲ್ಲಿ ಮುಗಿಯುತ್ತೆ. ಇನ್ನು ಮೇಲೆ ಯಾರಾದ್ರೂ ಆತುರದಲ್ಲಿ ‘ಮುಖಪುಟಕ್ಕೆ ತಿರುಗಿಸಿಬಿಡೋಣ’ ಅಂದ್ರೆ ಆ ಪರೀಕ್ಷೆಯೇ ಅಡ್ಡ ನಿಲ್ಲುತ್ತೆ.

ಪುಟದಲ್ಲಿ ಏನು ಬರೆಯೋದು?

ಇದಕ್ಕೇ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ಚರ್ಚೆ ಮಾಡಿದ್ದು. ಮೊದಲ ಕರಡಿನಲ್ಲಿ ‘ಅಯ್ಯೋ, ನೀವು ದಾರಿ ತಪ್ಪಿದ್ದೀರಿ!’ ಅಂತ ಒಂದು ತಮಾಷೆ ಚಿತ್ರ ಇತ್ತು. ಕಾಕಾನ ದನಿ ನೆನಪಾಯಿತು. ದಾರಿ ತಪ್ಪಿದ್ದು ಅವರಲ್ಲ, ದಾರಿ ಕಿತ್ತವರು ನಾವು. ಕಡೇ ದಿನದ ಫಾರ್ಮ್ ಹಿಡಿದವರಿಗೆ ತಮಾಷೆ ಬೇಕಿಲ್ಲ. ಸಿಗ್ನಲ್ ಒಂದು ಕಡ್ಡಿ ಇರೋ ಕಡೆ ಆ ಭಾರೀ ಚಿತ್ರ ಇಳಿಯೋದೂ ಇಲ್ಲ.

ಕೊನೆಗೆ ಉಳಿದದ್ದು ಇಷ್ಟು: “ಈ ಪುಟ ಈಗ ಇಲ್ಲಿಲ್ಲ. ನೀವು ತಪ್ಪೇನೂ ಮಾಡಿಲ್ಲ. ನಿಮ್ಮ ಊರಿನ ಹೆಸರು ಇಲ್ಲಿ ಬರೆಯಿರಿ, ಹುಡುಕಿ ಕೊಡುತ್ತೇವೆ.” ಕೆಳಗೆ ಒಂದು ಹುಡುಕುವ ಜಾಗ. ಅದರಲ್ಲಿ ಕನ್ನಡದಲ್ಲೂ ಬರೆಯಬಹುದು, ಇಂಗ್ಲಿಷಿನಲ್ಲಿ ಯಾವ ಕಾಗುಣಿತದಲ್ಲೂ ಬರೆಯಬಹುದು. ಅದರ ಕೆಳಗೆ ಫಾರ್ಮಿನ ಕಡೇ ದಿನಾಂಕ, ಮಾತಾಡಲು ಒಂದು ಫೋನ್ ನಂಬರ್. ಜಾವಾಸ್ಕ್ರಿಪ್ಟ್ ಓಡದಿದ್ರೂ ಪುಟ ತೆರೆಯುತ್ತೆ.

ಆ ಫೋನ್ ನಂಬರ್ ಹಾಕಿಸಲು ಸ್ವಲ್ಪ ಜಗಳವನ್ನೇ ಆಡಬೇಕಾಯಿತು. ‘ಕರೆ ಜಾಸ್ತಿ ಬರ್ತವೆ’ ಅಂದ್ರು. ಬರಲಿ. ಆ ಕರೆಗಳು ಮೊದಲೂ ಇದ್ದವು, ನಮ್ಮ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೇ.

ನೀವೂ ವೆಬ್‌ಸೈಟ್ ಕಟ್ಟುವವರಾಗಿದ್ರೆ ಇವತ್ತು ಒಂದು ಕೆಲಸ ಮಾಡಿ. ಫೋನಿನಲ್ಲಿ ನಿಮ್ಮದೇ ಸೈಟ್ ತೆರೆದು, ವಿಳಾಸದ ಕೊನೆಗೆ ಏನಾದ್ರೂ ತಪ್ಪು ಬರೆದು ಒತ್ತಿ. ಏನು ಕಾಣುತ್ತೆ, ಯಾವ ಭಾಷೆಯಲ್ಲಿ ಕಾಣುತ್ತೆ ನೋಡಿ. ಆಮೇಲೆ ಯಾವ ಸಂಖ್ಯೆ ಬಂತು ಅಂತ ಲಾಗ್‌ನಲ್ಲಿ ನೋಡಿ. 200 ಅಂತ ಇದ್ರೆ ನಿಮ್ಮಲ್ಲೂ ಯಾರೋ ಸುಮ್ಮನೆ ವಾಪಸ್ ಹೋಗ್ತಿದ್ದಾರೆ. ನೀವು ಸೈಟ್ ಬಳಸುವವರು ಮಾತ್ರ ಆಗಿದ್ರೆ ಒಂದೇ ಮಾತು: ಪುಟ ತೆರೆಯದಿದ್ರೆ ಮೊದಲು ನಿಮ್ಮನ್ನು ನೀವು ಅನುಮಾನಿಸಬೇಡಿ. ವಿಳಾಸದ ಸ್ಕ್ರೀನ್‌ಶಾಟ್ ತೆಗೆದು ಸಂಬಂಧಪಟ್ಟವರಿಗೆ ಕಳಿಸಿ.

ಹೊಸ ವ್ಯವಸ್ಥೆ ಏರಿಸಿದ ದಿನ ಕಾಕಾಗೆ ಫೋನ್ ಮಾಡಿ, ಆ ಹಳೇ ಕರಪತ್ರದ ವಿಳಾಸವನ್ನೇ ಇನ್ನೊಮ್ಮೆ ಹಾಕಿ ನೋಡೋಕೆ ಹೇಳಿದೆ. ಕಾಗದ ಹುಡುಕಿ, ಕನ್ನಡಕ ಹಾಕ್ಕೊಂಡು, ಒಂದೊಂದೇ ಅಕ್ಷರ ಒತ್ತಿದ್ರು.

“ಆತ ನೋಡಪಾ, ಹೂಲಿ ಅಂತ ಬಂತು. ಈ ಸಲಾನೂ ನಾ ಮೊದಲಿನಂಗೇ ಒತ್ತೇನಿ ಮತ್ತ.”

“ಹೌದು ಕಾಕಾ. ಆವಾಗೂ ನಿಂದೇನೂ ತಪ್ಪಿರಲಿಲ್ಲ.”